ಕಳಾ ಯೇತಾತ್ ಕಾ?

ಸೋನೋಗ್ರಫಿಯಲ್ಲಿ ಮಗುವಿನ ತಲೆಬುರುಡೆ ಕಟ್ಟಿಯೇ ಇಲ್ಲ ಎಂದು ಗೊತ್ತಾದಾಗ ನನಗೆ ನಾಲ್ಕೂವರೆ ತಿಂಗಳು. ಹುಟ್ಟಿದರೂ ಉಳಿಯುವುದಿಲ್ಲ ಎಂದರು. ತೆಗೆಸುವುದಕ್ಕೆ ಇಬ್ಬರು ಡಾಕ್ಟರು ಸಹಿ ಹಾಕಿದರು, ನಾನೂ ಹಾಕಿದೆ, ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಬೆಡ್ ಸಿಕ್ಕಿತು. ಮಾತ್ರೆ ಕೊಡುತ್ತೇವೆ, ಹೆರಿಗೆಯ ಹಾಗೆಯೇ ನೋವು ಬರುತ್ತದೆ, ಬೇಕಾದರೆ ಆಮೇಲೆ ಕ್ಲೀನ್ ಮಾಡುತ್ತೇವೆ. ಡಾಕ್ಟರಮ್ಮ ಹೇಳಿದ್ದು ಇಷ್ಟು. ನನಗೆ ಬೇಕಾದ ಒಂದೇ ಉತ್ತರ ಅದರಲ್ಲಿರಲಿಲ್ಲ: ಹೊರಗೆ ಬಂದಾಗ ಅದು ಅಳುತ್ತದಾ? ಅತ್ತರೆ ನಾನು ಸತ್ತೇ ಹೋಗುತ್ತೇನೆ ಅನಿಸಿತ್ತು. ಕೇಳಲಿಕ್ಕೆ ಬಾಯಿ ಬರಲಿಲ್ಲ. ನೌಪಾಡಾದ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ದಿನವಿಡೀ ಮರಾಠಿ ಮಾತಾಡುವ ನನ್ನ ಗಂಡ ಅಲ್ಲಿ ಗೋಡೆಯ ಕ್ಯಾಲೆಂಡರ್ ಓದುತ್ತಾ ನಿಂತರು. ದೊಡ್ಡ ಶೂರ!

ನನ್ನ ಜೊತೆ ಕೂರಲು ಉಡುಪಿ ಕಡೆಯಿಂದ ಅಮ್ಮ ಬಂದಿದ್ದಳು. ಅವಳಿಗೆ ಮರಾಠಿ ಸೊನ್ನೆ, ಹಿಂದಿಯೋ, ಟಿವಿ ಧಾರಾವಾಹಿ ನೋಡಿ ಕಲಿತದ್ದು. ಬೆಳಿಗ್ಗೆ ಮಾತ್ರೆ ಕೊಟ್ಟು ಹೋದ ಸಿಸ್ಟರ್ ಗಂಟೆಗೊಮ್ಮೆ ಬಾಗಿಲಲ್ಲಿ ತಲೆ ಹಾಕಿ, “ಕಳಾ ಯೇತಾತ್ ಕಾ?” ಅನ್ನುವಳು. ನೋವು ಬರುತ್ತಿದೆಯಾ ಅಂತ. ನಾನು ಇಲ್ಲವೆಂದು ತಲೆ ಆಡಿಸುವೆ. ಮೂರನೆಯ ಸಲಕ್ಕೆ ಅಮ್ಮ ಕರಿಮಣಿಯನ್ನು ರವಿಕೆಯೊಳಗೆ ತುರುಕಿ, ಬಳೆ ಬಿಚ್ಚಿ ನನ್ನ ದಿಂಬಿನಡಿ ಇಟ್ಟಳು.

“ಎಂತ ಮಾಡ್ತಾ ಇದ್ದಿ ಅಮ್ಮ?”

“ಎಂತ ಆಸ್ಪತ್ರೆ ಮಾರಾಯ್ತಿ ಇದು! ಗಂಟೆಗೊಂದು ಸಲ ‘ಕಳ್ಳ ಬಂದನಾ, ಕಳ್ಳ ಬಂದನಾ’ ಅಂತ ಕೇಳಿಕೊಂಡು ಬರ್ತಾಳೆ. ಒಬ್ಬ ವಾಚ್‌ಮನ್ ಇಡ್ಲಿಕ್ಕೆ ಆಗುದಿಲ್ವಾ ಇವರಿಗೆ?”

ಹದಿನೈದು ದಿನದಿಂದ ನಗು ಅನ್ನುವುದನ್ನೇ ಮರೆತಿದ್ದವಳು ಹೊಟ್ಟೆ ಹಿಡಿದು ನಕ್ಕೆ. ನಗುತ್ತಿದ್ದ ಹಾಗೆಯೇ ಮೊದಲ ನೋವು ಸೊಂಟ ಹಿಡಿಯಿತು.

“ಅಯ್ಯೋ, ಬಂತಮ್ಮ!”

“ಎಲ್ಲಿ, ಎಲ್ಲಿ?” ಅಮ್ಮ ಹೊಡೆಯಲಿಕ್ಕೆ ಫ್ಲಾಸ್ಕ್ ಎತ್ತಿಕೊಂಡಳು.

ಓಡಿ ಬಂದ ಸಿಸ್ಟರಿಗೆ ವಿಷಯ ಗೊತ್ತಾಗಿ ಅವಳೂ ನಕ್ಕಳು. ಆ ನಗು, ಆ ನೋವಿನ ನಡುವೆ ನನ್ನ ಬಾಯಿಂದ ಹೊರಬಿದ್ದೇ ಹೋಯಿತು: “ಅಮ್ಮ, ಅದು ಅತ್ತರೆ?”

ಅಮ್ಮ ಫ್ಲಾಸ್ಕ್ ಕೆಳಗಿಟ್ಟಳು. “ಸಿಸ್ಟರ್, ಬಚ್ಚಾ ರೋಯೇಗಾ ಕ್ಯಾ?” ಧಾರಾವಾಹಿಯ ಹಿಂದಿಯೇ, ಒಂದಕ್ಷರ ತಪ್ಪಿರಲಿಲ್ಲ.

ಸಿಸ್ಟರ್ ನಗು ನಿಲ್ಲಿಸಿ ನನ್ನ ಕೈ ಹಿಡಿದಳು. “ನಹೀ. ಇತನಾ ಛೋಟಾ ರೋತಾ ನಹೀ.” ಇಷ್ಟು ಚಿಕ್ಕದು ಅಳುವುದಿಲ್ಲ ಅಂತ. ಎದೆಯ ಮೇಲಿನ ಕಲ್ಲು ಇಳಿಯಿತು.

ಸಂಜೆ ಅದು ಬಂತು. ಅಳುವುದಿಲ್ಲ ಎಂದು ಗೊತ್ತಿದ್ದೂ ನಾನು ಉಸಿರು ಬಿಗಿಹಿಡಿದು ಕೇಳುತ್ತಲೇ ಇದ್ದೆ, ಒಂದೇ ಒಂದು ಸಲ ಅಳಬಾರದಾ ಎಂದು.