ಅವ್ವನ ಕರಡಿಗೆ, ಏರ್‌ಪೋರ್ಟಿನ ಟ್ರೇ

ನಮ್ಮ ಗುಂಡ್ಲುಪೇಟೆಯಿಂದ ಊಟಿಗೆ ಹೋಗಬೇಕಾದರೆ ಈಗ ಮೊಬೈಲಿನಲ್ಲಿ ಇ-ಪಾಸ್ ಮಾಡಿಸಿಕೊಳ್ಳಬೇಕು. ಚೆಕ್‌ಪೋಸ್ಟಿನಲ್ಲಿ ನೀರಿನ ಬಾಟಲಿಯನ್ನೂ ಬಿಡದೆ ತಡಕುತ್ತಾರೆ. ಥಾಯ್ಲೆಂಡಿಗೆ ಮಾತ್ರ ವೀಸಾ ಬೇಡವಂತೆ, ಹೋಗಿ ಇಳಿದರೆ ಸಾಕಂತೆ. ಕಣ್ಣಿಗೆ ಕಾಣುವ ಬೆಟ್ಟಕ್ಕೆ ಅಪ್ಪಣೆ ಬೇಕು, ಸಮುದ್ರದಾಚೆಯ ದೇಶಕ್ಕೆ ಬೇಡ. ಇಂಥ ಕಾಲದಲ್ಲಿ ಮನೆಯಲ್ಲಿ ಕೂತವರೇ ದಡ್ಡರು ಅಂತ ನಮ್ಮನೆಯವರಿಗೆ ಅನ್ನಿಸಿತು.

ಮೂರು ಜನ ಸ್ನೇಹಿತರನ್ನು ಕಟ್ಟಿಕೊಂಡು ಅವರು ಗುಸುಗುಸು ಶುರುಮಾಡಿದರು. ಏನು ನೋಡಲು ಹೋಗುತ್ತೀರಿ ಅಂತ ಕೇಳಿದೆ. ಬುದ್ಧನ ಮೂರ್ತಿ ಅಂದರು. ಬಸ್ಸಿನಲ್ಲೇ ಹತ್ತಿಸಿ ಇಳಿಸುವ ಗೋಪಾಲಸ್ವಾಮಿ ಬೆಟ್ಟಕ್ಕೂ ಮಂಡಿನೋವು ಅಂತ ಬರದ ಮನುಷ್ಯ! ಹಾಗಾದರೆ ನಾನೂ ಅವ್ವನೂ ಹೋಗಿಬರುತ್ತೇವೆ, ನೀವು ಮನೆ ನೋಡಿಕೊಳ್ಳಿ ಅಂದೆ. ಅವರ ಭಕ್ತಿ ಅಲ್ಲಿಗೇ ಇಳಿಯಿತು.

ಸಿಟ್ಟಿಗೆ ಆಡಿದ ಮಾತು ಅವ್ವನಿಗೆ ತಲುಪಿ ನಿಜವಾಗಿಬಿಟ್ಟಿತು. ಹರವೆಯಲ್ಲಿ ನನ್ನ ತಮ್ಮನ ಜೊತೆ ಇರುವ ಅವ್ವ, ಅರಿಸಿನದ ಹೊಲದಲ್ಲಿ ಕಳೆ ಕೀಳುವಾಗ ಮೇಲೆ ವಿಮಾನ ಹೋದರೆ ಈಗಲೂ ಸೊಂಟ ನೆಟ್ಟಗೆ ಮಾಡಿ ಅದು ಮರೆಯಾಗುವ ತನಕ ನೋಡುತ್ತಾಳೆ. ಅಪ್ಪ ಇದ್ದಾಗ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಅವನು ಹೋದಮೇಲೆ ಅವಳಾಗಿ ಬಾಯಿಬಿಟ್ಟು ಕೇಳಿದ್ದೂ ಇಲ್ಲ. ಅಂಥವಳು ಫೋನು ಮಾಡಿ, ಮೇಲಿಂದ ನೋಡಿದರೆ ಸಮುದ್ರ ಕಾಣುತ್ತದಾ ಅಂತ ವಿಚಾರಿಸಿದಳು. ಇನ್ನು ನಾನು ಹಿಂದೆ ಸರಿಯುವ ಹಾಗಿರಲಿಲ್ಲ.

ಅವಳಿಗೆ ಪಾಸ್‌ಪೋರ್ಟು ಮಾಡಿಸುವಷ್ಟರಲ್ಲಿ ನನ್ನ ಚಪ್ಪಲಿ ಸವೆಯಿತು. ಅತ್ತ ಅವಳು ಚಕ್ಕುಲಿ, ಚಟ್ನಿಪುಡಿ, ಹುರಿಹಿಟ್ಟು ಅಂತ ಒಂದು ಮದುವೆಗಾಗುವಷ್ಟು ಮಾಡಿಟ್ಟಳು. ಐದು ದಿನಕ್ಕೆ ಇಷ್ಟೊಂದು ಯಾಕೆ ಅಂದರೆ, ಅಲ್ಲಿಯವರು ಪಾಪ ಹುಳಹುಪ್ಪಟೆ ತಿನ್ನುತ್ತಾರಂತೆ, ಅವರಿಗೂ ಒಂದೊಂದು ಕೊಡೋಣ ಅಂದಳು.

ಎಲ್ಲ ಸರಿಹೋಯಿತು ಅನ್ನುವಾಗ ಚಾಮರಾಜನಗರದ ಟಿಕೆಟ್ ಏಜೆಂಟನ ಹತ್ತಿರ ಅವಳನ್ನೂ ಕರೆದುಕೊಂಡು ಹೋದೆ. ಅದೇ ನಾನು ಮಾಡಿದ ತಪ್ಪು. ಆ ಪುಣ್ಯಾತ್ಮ, ವೀಸಾ ರೂಲ್ಸು ಇನ್ನು ಯಾವಾಗ ಬದಲಾಯಿಸುತ್ತಾರೋ ಗೊತ್ತಿಲ್ಲ, ವಾರದೊಳಗೆ ಬುಕ್ ಮಾಡಿ ಅಂತ ನನಗೆ ಹೇಳಿ, ಅವ್ವನಿಗೆ ಏರ್‌ಪೋರ್ಟಿನ ಪಾಠ ಶುರುಮಾಡಿದ. ಮೈಮೇಲಿರುವ ಲೋಹವೆಲ್ಲ ಬಿಚ್ಚಿ ಟ್ರೇಯಲ್ಲಿ ಹಾಕಬೇಕು, ಅದು ಮೆಷಿನ್ನಿನೊಳಗೆ ಹೋಗಿ ಆಚೆ ಬರುತ್ತೆ ಅಂದ. ಅವ್ವ ಸೆರಗನ್ನು ಕೊರಳಿನ ಮೇಲೆ ಎಳೆದುಕೊಂಡಳು.

ಕೊರಳಲ್ಲಿದ್ದದ್ದು ಒಡವೆಯಲ್ಲ, ಬೆಳ್ಳಿ ಕರಡಿಗೆ. ಒಳಗೆ ಇಷ್ಟಲಿಂಗ. ಲಿಂಗಧಾರಣೆ ಆದಮೇಲೆ ಅದು ಮೈಬಿಟ್ಟು ಇರಕೂಡದು ಅನ್ನುವುದು ನಮ್ಮವರ ಕಟ್ಟಳೆ, ಬಿಟ್ಟರೆ ಕೇಡು ಅನ್ನುವುದು ಅವ್ವನ ಭಯ. ಹೆರಿಗೆ ಕೋಣೆಯಲ್ಲೂ ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಮ್ಮನ್ನು ಹೆತ್ತವಳು. ಹರವೆ ಬಸ್ಸು ಹತ್ತುವಾಗ, ನಾನು ಬರಕ್ಕಿಲ್ಲ, ನೀನು ನಿನ್ನ ಗಂಡನ್ನ ಕರ್ಕೊಂಡೋಗು ಅಂದಳು.

ಮೂರು ದಿನ ಫೋನಿನಲ್ಲೇ ಅವಳಿಗೆ ಬುದ್ಧಿ ಹೇಳಿದೆ. ಒಳ್ಳೆ ಮಾತಾಯಿತು, ಸಿಟ್ಟಾಯಿತು. ಮಠದ ಅಯ್ನೋರಿಗೂ ಫೋನು ಮಾಡಿದೆ. ಕರಡಿಗೆ ಮನೆಯಲ್ಲಿಟ್ಟು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳಲಿ, ಕೇಳಿದರೆ ಅಂಗೈಯಲ್ಲಿಟ್ಟು ತೋರಿಸಲಿ ಅಂದರು. ದೇಶಗಳೇ ಬಾಗಿಲು ತೆಗೆದು ಕೂತಿರುವಾಗ ನಮ್ಮವ್ವನ ಕೊರಳಲ್ಲೊಂದು ಗಡಿ ಇದೆಯಲ್ಲ ಅಂತ ಗೊಣಗಿಕೊಂಡು ಭಾನುವಾರ ಹರವೆಗೆ ಹೋದೆ.

ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅಯ್ನೋರ ಮಾತು ಹೇಳಿದೆ. ತೋರಿಸಿದ ಮೇಲೂ ಅವರು ಟ್ರೇಗೇ ಹಾಕು ಅಂದರೆ ಏನು ಮಾಡಲಿ ಅಂತ ಕೇಳಿದಳು. ನನಗೆ ತಾಳ್ಮೆ ಮುಗಿದಿತ್ತು. ಹಾಕು, ಐದು ನಿಮಿಷಕ್ಕೆ ನಿನ್ನ ದೇವರೇನು ಓಡಿಹೋಗ್ತಾನಾ ಅಂದೆ.

ಅವಳ ಕೈ ನಿಂತಿತು. ನನ್ನ ಕೊರಳನ್ನೇ ನೋಡಿದಳು.

"ನಿಂದು ಎಲ್ಲದೆ?"

ನನ್ನದು ಬೀರುವಿನಲ್ಲಿತ್ತು, ರೇಷ್ಮೆ ಸೀರೆಗಳ ಅಡಿಯಲ್ಲಿ. ಮಗಳು ಹಾಲು ಕುಡಿಯುವಾಗ ದಾರ ಹಿಡಿದು ಎಳೆಯುತ್ತಾಳೆ ಅಂತ ತೆಗೆದಿಟ್ಟದ್ದು. ಆ ಮಗಳು ಈಗ ಪಿಯುಸಿ. ಸುಳ್ಳು ಹೇಳಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನನ್ನ ಹತ್ತಿರ ಉತ್ತರವೂ ಇತ್ತು. ಅವಳು ಬೈಯಲಿಲ್ಲ. ನನ್ನನ್ನು ತಲೆಯಿಂದ ಕಾಲಿನ ತನಕ, ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡಿದಳು.

"ಇಷ್ಟು ವರ್ಸ ಅದಿಲ್ದೆ ನಿಂಗೇನೂ ಆಗ್ನಿಲ್ವಾ ಮಗಾ?"

ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅವ್ವ ಬಹಳ ಹೊತ್ತು ಕಾಳು ಸುಲಿದಳು. ಅವಳ ಅರವತ್ತು ವರ್ಷದ ಭಯವನ್ನು ನಾನು ಅಷ್ಟು ಸಲೀಸಾಗಿ ಸುಳ್ಳು ಮಾಡಿ ಕೂತಿದ್ದೆ.

"ಅಂಗಾದ್ರೆ ಐದು ನಿಮಿಸಕ್ಕೆ ನಂಗೇನಾದದು ಬುಡು. ಟಿಕೀಟು ಮಾಡ್ಸು ಓಗು," ಅಂದಳು.

ಗೆದ್ದದ್ದು ನಾನೇ. ಆದರೆ ಬಸ್ಸಿನಲ್ಲಿ ಕೂತು ಏಜೆಂಟನಿಗೆ ಫೋನು ಮಾಡುವಾಗ ನಾಚಿಕೆಯಿಂದ ಸೆರಗನ್ನು ಬರಿಗೊರಳಿನ ಮೇಲೆ ಎಳೆದುಕೊಂಡೆ. ಎಷ್ಟು ಟಿಕೆಟ್ಟು ಅಂತ ಅವನು ಎರಡು ಸಲ ಕೇಳಬೇಕಾಯಿತು.