ಸೂಜಿಗೊಂದು ಖಾನೆ

ಸ್ಪಿರಿಟ್ಟಿನ ವಾಸನೆ ಬಡಿದರೆ ನಿಮಗೆ ಏನು ನೆನಪಾಗುತ್ತದೋ ನನಗೆ ಗೊತ್ತಿಲ್ಲ. ಹೆಚ್ಚಿನವರಿಗೆ ಇಂಜೆಕ್ಷನ್ನು ನೆನಪಾಗುತ್ತದಂತೆ. ನನಗೆ ಹತ್ತಿ ನೆನಪಾಗುತ್ತದೆ. ಡಬ್ಬಿಯಲ್ಲಿ ಒತ್ತಿ ತುಂಬಿದ ದವಾಖಾನೆಯ ಹತ್ತಿಯಲ್ಲ. ಹಿಂಜಿದಾಗ ಮನೆಯೆಲ್ಲ ಹಾರಾಡಿ, ಕರಿ ಮೀಸೆಯವನನ್ನೂ ಗಳಿಗೆಯಲ್ಲಿ ಅಜ್ಜನನ್ನಾಗಿ ಮಾಡುವ ಗಾದಿಯ ಹತ್ತಿ.

ಮೊನ್ನೆ ಗದಗಿನಲ್ಲಿಯೂ ಹಾಗೆಯೇ ಆಯಿತು. ನನ್ನ ಬಲಭುಜ ಈಗ ಮೂರು ತಿಂಗಳಿಂದ ಕೆಲಸ ಬಿಟ್ಟು ಸಂಪು ಹೂಡಿದೆ. ಅಂಗಿಯ ತೋಳಿಗೆ ಕೈ ಹಾಕಬೇಕಾದರೆ ಸೊಸೆಯನ್ನು ಕರೆಯಬೇಕು. ಅವಳೇ ಹುಡುಕಿ ಕೊಟ್ಟ ವಿಳಾಸ ಹಿಡಿದು ಹೋದರೆ ಒಂದು ಚೊಕ್ಕ ಕೋಣೆ, ಹೊರಗೆ 'ಆಕ್ಯುಪಂಕ್ಚರ್ ಚಿಕಿತ್ಸೆ' ಎಂಬ ಫಲಕ, ಒಳಗೆ ಸ್ಪಿರಿಟ್ಟಿನ ವಾಸನೆ. ಮೇಜಿನ ಹಿಂದೆ ಕುಳಿತಿದ್ದ ಹುಡುಗಿ ಕಾಗದವೊಂದನ್ನು ನನ್ನ ಮುಂದೆ ಸರಿಸಿ, "ಫಾರ್ಮ್ ತುಂಬ್ರಿ ಕಾಕಾ" ಅಂದಳು. ಫಾರ್ಮು ಅಂದರೆ ನನಗೆ ಉಪ್ಪಿಟ್ಟು ತಿಂದಷ್ಟು ಸಲೀಸು. ಹೆಸರು, ವಯಸ್ಸು, ಊರು ಎಲ್ಲ ಬರೆದು ಐದನೆಯ ಸಾಲಿಗೆ ಬಂದೆ. 'ಹಿಂದೆ ಈ ಚಿಕಿತ್ಸೆ ಪಡೆದಿದ್ದೀರಾ? ಯಾರಿಂದ?' ಎಂದು ಕೇಳಿದ್ದರು. ಪೆನ್ನು ಅಲ್ಲೇ ನಿಂತಿತು.

ನಿಂತದ್ದು ಯಾಕೆಂದು ಹೇಳಬೇಕಾದರೆ ಮೊದಲು ನನ್ನ ಕಸುಬು ಹೇಳಬೇಕು. ರೋಣದ ತಹಶೀಲ್ದಾರ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಮೊದಲು ನಮ್ಮಪ್ಪ, ಆಮೇಲೆ ನಾನು ಅರ್ಜಿ ಬರೆದವರು. ಆಸ್ತಿ ಹಂಚಿಕೆಯ ವಾಟ್ನಿ ಪತ್ರ, ಖರೀದಿ ಪತ್ರ, ವೃದ್ಧಾಪ್ಯದ ಪಗಾರದ ಅರ್ಜಿ, ಯಾವುದು ಬಂದರೂ ಬಿಟ್ಟವರಲ್ಲ. ನಮ್ಮಪ್ಪ ನನಗೆ ಕಲಿಸಿದ್ದು ಒಂದೇ ಸೂತ್ರ: "ಖಾನೆ ಖಾಲಿ ಬಿಡಬ್ಯಾಡ ತಮ್ಮಾ. ಖಾಲಿ ಖಾನೇದಾಗ ದೆವ್ವ ಬಂದು ಕುಂದರತಾವು." ಆ ದೆವ್ವಗಳ ಭಯಕ್ಕೆ ಆತ ಹುಟ್ಟಿದ ತಾರೀಖು ಗೊತ್ತಿಲ್ಲದವರಿಗೆಲ್ಲ ಜೂನ್ ಒಂದು ಎಂದು ಬರೆದುಬಿಡುತ್ತಿದ್ದ. ನಮ್ಮ ತಾಲ್ಲೂಕಿನ ಅರ್ಧ ಮಂದಿ ಒಂದೇ ದಿನ ಹುಟ್ಟಿದ್ದರೆ ಅದಕ್ಕೆ ಸೂಲಗಿತ್ತಿಯರು ಕಾರಣರಲ್ಲ, ನಮ್ಮಪ್ಪ ಕಾರಣ. ನಾನು ಅವನ ಮಗ. ಯಾವ ಮನುಷ್ಯನನ್ನು ತಂದು ನಿಲ್ಲಿಸಿದರೂ ಒಂದಿಲ್ಲೊಂದು ಖಾನೆಯಲ್ಲಿ ಕೂಡಿಸಬಲ್ಲೆ ಎಂಬ ಜಂಬ ನನಗೂ ಇತ್ತು.

ಆ 'ಯಾರಿಂದ?' ಎಂಬುದಕ್ಕೆ ಉತ್ತರವಾದ ಮಾಬುಸಾಬರು ನನಗೆ ಸಿಕ್ಕದ್ದು ಅವ್ವನ ಮೊಣಕಾಲಿನ ದೆಸೆಯಿಂದ. ಗಜೇಂದ್ರಗಡದವರು, ಮನೆತನದಿಂದ ಗಾದಿ ಹೊಲಿಯುವವರು. ಹರೆಯದಲ್ಲಿ ಮುಂಬೈಗೆ ಹೋಗಿ ಒಂದು ಖಾಸಗಿ ದವಾಖಾನೆಗೆ ಗಾದಿ ಹೊಲಿಯುತ್ತಿದ್ದಾಗ, ಅಲ್ಲಿ ಆಕ್ಯುಪಂಕ್ಚರ್ ಸೂಜಿ ಹಾಕುವ ಡಾಕ್ಟರನೊಬ್ಬ ಇವರ ಬೆರಳನ್ನೇ ನೋಡುತ್ತ ನಿಂತನಂತೆ. "ದಬ್ಬಣ ಹಿಡದ್ರೂ ಹೂವ ಹಿಡದಂಗ ಹಿಡೀತಿ, ಈ ಸಣ್ಣ ಸೂಜಿ ಹಿಡದು ನೋಡು" ಎಂದನಂತೆ. ನಾಲ್ಕು ವರ್ಷ ಕೈ ಕೆಳಗೆ ಇಟ್ಟುಕೊಂಡು, ಕಡೆಗೆ ಕಲ್ಕತ್ತೆಗೆ ತರಬೇತಿಗೂ ಕಳಿಸಿದ. ಆ ರಾಜ್ಯದಲ್ಲಿ ಸೂಜಿ ಚಿಕಿತ್ಸೆಗೆಂದೇ ಒಂದು ಕಾಯಿದೆ ಇದೆಯೆಂದು ಮಾಬುಸಾಬರು ಹೇಳುವಾಗ, ಯಾವುದೋ ದೂರದ ಊರಿನಲ್ಲಿ ತನಗೊಂದು ಸ್ವಂತ ಮನೆಯಿದೆ ಎನ್ನುವವರ ಸಮಾಧಾನ ಅವರ ಮುಖದಲ್ಲಿ ಇರುತ್ತಿತ್ತು.

ಊರಿಗೆ ಮರಳಿದ ಮೇಲೆ ವಾರವೆಲ್ಲ ಗಾದಿ ಹೊಲಿದು, ಸಂತೆಯ ದಿನ ಮಾತ್ರ ಮೊದಲ ಬಸ್ಸಿಗೆ ರೋಣಕ್ಕೆ ಬಂದು, ನಮ್ಮ ಕಚೇರಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆಯ ಬಾಗಿಲು ತೆರೆಯುತ್ತಿದ್ದರು. ಗೋಡೆಯ ಮೇಲೆ ಕಲ್ಕತ್ತೆಯ ಸರ್ಟಿಫಿಕೇಟು. ಅದರ ಬಂಗಾಲಿ ಅಕ್ಷರ ಓದಲು ಯಾರಿಗೂ ಬಾರದು. ಕೆಲವು ಮುದುಕಿಯರು ಅದನ್ನು ಯಂತ್ರವೆಂದು ತಿಳಿದು ಕೈ ಮುಗಿದೇ ಒಳಗೆ ಬರುತ್ತಿದ್ದರು. ಮಾಬುಸಾಬರು ತಡೆಯುತ್ತಿರಲಿಲ್ಲ. "ಮುಗೀಲಿ ಬಿಡ್ರಿ, ಕೈ ಮ್ಯಾಲೆ ಏಳ್ತಾವೋ ಇಲ್ಲೋ ನೋಡಾಕ ನನಗೂ ಬೇಕಲ್ಲ" ಅನ್ನುತ್ತಿದ್ದರು.

ಅವರದೊಂದು ಪದ್ಧತಿ ನಿಮಗೆ ಹೇಳಲೇಬೇಕು. ಸೂಜಿ ಹಾಕುವಾಗ ಒಂದೊಂದಕ್ಕೂ ಗಟ್ಟಿಯಾಗಿ ಎಣಿಸುತ್ತಿದ್ದರು: ಏಕ್, ದೋ, ತೀನ್. ತೆಗೆಯುವಾಗ ಎಣಿಸುವ ಪಾಳಿ ರೋಗಿಯದು. ಎರಡೂ ಲೆಕ್ಕ ಕೂಡುವವರೆಗೆ ಯಾರೂ ಎದ್ದು ಹೋಗುವಂತಿಲ್ಲ. ಇದು ಕಲ್ಕತ್ತೆಯ ಪಾಠವಲ್ಲ, ಗಾದಿಯವರ ಮನೆಯ ಪಾಠ. ಗಾದಿಯೊಳಗೆ ಒಂದು ಸೂಜಿ ಉಳಿದರೆ ಹಾಸಿಗೆಯೇ ವೈರಿಯಾಗುತ್ತದೆಂದು ಅವರ ಅಪ್ಪ ಕಲಿಸಿದ್ದಂತೆ. ನಮ್ಮವ್ವ ಒಂಬತ್ತರ ಮೇಲೆ ಎಣಿಸುವುದನ್ನು ಅಲ್ಲಿಯೇ ಕಲಿತಳು. ನಾಲ್ಕು ತಿಂಗಳಲ್ಲಿ ಅವಳ ಮೊಣಕಾಲು ಬಾವಿಯ ಮೆಟ್ಟಿಲು ಇಳಿಯುವಷ್ಟಾಯಿತು. ನನ್ನ ಸೊಂಟಕ್ಕೂ ಒಂದಷ್ಟು ಸೂಜಿ ಬಿದ್ದವು. ಎಲ್ಲರಿಗೂ ಹೀಗೇ ಗುಣವಾಯಿತೆಂದು ನಾನು ಹೇಳುವುದಿಲ್ಲ. ಆಗದವರೂ ಇದ್ದರು. ಅಂಥವರಿಗೆ ಅವರೇ, "ಇದು ನನ್ನ ಸೂಜೀಲೆ ಆಗೂದಲ್ಲವ್ವಾ, ದೊಡ್ಡ ದವಾಖಾನಿಗೆ ಹೋಗು, ಲಗೂ ಹೋಗು" ಎಂದು ಬಸ್ಸಿನ ಹೊತ್ತು ಸಹಿತ ಹೇಳಿ ಕಳಿಸುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಮೊದಲ ದಶಕ ಮುಗಿಯುತ್ತ ಬಂದಾಗ ಕಾಯಿದೆ ಬಂತು. ಖಾಸಗಿ ದವಾಖಾನೆಗಳೆಲ್ಲ ನೋಂದಣಿ ಮಾಡಿಸಬೇಕು, ಇಲ್ಲವಾದರೆ ಬೀಗ. ಕಾಯಿದೆ ಕೆಟ್ಟದ್ದೆಂದು ಆಗಲೂ ಅನಿಸಲಿಲ್ಲ, ಈಗಲೂ ಅನ್ನಲಾರೆ. ನಮ್ಮ ಕಡೆ ಎಲ್ಲ ರೋಗಕ್ಕೂ ಸಲಾಯಿನ್ ಏರಿಸಿ ಕೂಡಿಸುವ ಮಹಾನುಭಾವರು ಓಣಿಗೊಬ್ಬರಿದ್ದರು. ಸುದ್ದಿ ಕೇಳಿ ಅವರು ಫಲಕ ಕಳಚಿ ಅಟ್ಟಕ್ಕೇರಿಸಿದರು. ಮಾಬುಸಾಬರು ಮಾತ್ರ ಫಾರ್ಮನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ನನ್ನ ಬೇವಿನ ಗಿಡಕ್ಕೆ ಬಂದರು.

"ರೈಟರ್ರ, ಇದನ್ನ ತುಂಬಿ ಕೊಡ್ರಿ. ಸರಕಾರದವರು ಕರದಾರ, ನಾವಾಗೇ ಹೋಗೂದು ಚಲೋ."

ತುಂಬುತ್ತ ಹೋದೆ. 'ಚಿಕಿತ್ಸಾ ಪದ್ಧತಿ' ಎಂಬಲ್ಲಿಗೆ ಬಂದೆ. ಅಲೋಪತಿ, ಆಯುರ್ವೇದ, ಯುನಾನಿ, ಹೋಮಿಯೋಪತಿ, ಹೀಗೆ ಸಾಲಾಗಿ ಚೌಕಗಳು. ಒಂದಕ್ಕೆ ಗುರುತು ಹಾಕಬೇಕು. ಸೂಜಿಗೆ ಚೌಕವಿರಲಿಲ್ಲ.

"ಏನ ಮಾಡೂದ್ರಿ ಮಾಬುಸಾಬರ? ನಿಮ್ಮದು ಇದರಾಗ ಇಲ್ಲ."

"ಇಲ್ಲಂದ್ರ ಬಾಜೂಕ ಬರೀರಿ" ಎಂದು ಚೌಕದ ಬದಿಯ ಖಾಲಿ ಜಾಗ ತೋರಿಸಿದರು. "ಸೂಜಿ ಅಂತ ಬರೀರಿ. ಇರೂದು ಅದ ಅಲ್ರಿ?"

"ಬಾಜೂಕ ಬರದ್ರ ಫಾರ್ಮ್ ತಿರಗಿ ಬರತೈತಿ. ಸರಕಾರಕ್ಕ ಬಾಜೂ ಅನ್ನೂದು ಇರೂದಿಲ್ಲ."

ನನ್ನ ತಲೆ ಓಡಿತು, ಓಡಬಾರದ ಕಡೆಗೇ ಓಡಿತು. "ಯುನಾನಿ ಅಂತ ಹಾಕಿಬಿಡೂಣು. ಸಾಬರು ಅದೀರಿ, ಯಾರೂ ಕೇಳೂದಿಲ್ಲ, ನಡೀತೈತಿ."

ಮಾಬುಸಾಬರು ನಕ್ಕರು. "ಯುನಾನಿಯವರು ಹಕೀಮರ್ರಿ. ಅವರು ಕಿತಾಬು ಓದಿ ಕಷಾಯಾ ಕೊಡ್ತಾರ. ನಾ ಹತ್ತಿ ಹಿಂಜಾಂವ. ಸಾಬ ಆದ ಮಾತ್ರಕ್ಕ ಹಕೀಮ ಆಗ್ತೇನೇನ್ರಿ?"

"ಕಚೇರಿ ಕೆಲಸ ನಿಮಗ ತಿಳೀದು. ನನಗ ಬಿಡ್ರಿ."

ಬಿಟ್ಟರು. ಮೂವತ್ತು ವರ್ಷ ಅರ್ಜಿ ಬರೆದವನ ಮಾತು, ಬಿಡದೆ ಏನು ಮಾಡಿಯಾರು. ನಾನು ಯುನಾನಿಗೆ ಗುರುತು ಹಾಕಿದೆ. ಅದರ ಕೆಳಗಿನ 'ನೋಂದಣಿ ಸಂಖ್ಯೆ' ಖಾಲಿ ಉಳಿಯಿತಲ್ಲ, ಅಲ್ಲಿ ದೆವ್ವ ಕುಂತೀತೆಂದು ಕಲ್ಕತ್ತೆಯ ಸರ್ಟಿಫಿಕೇಟಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿದ್ದ ನಂಬರನ್ನು ಬರೆದೆ. ನನ್ನ ಅಕ್ಷರ ಅಂದು ಎಷ್ಟು ಮುದ್ದಾಗಿ ಬಂದಿತ್ತೆಂದರೆ ಮಾಬುಸಾಬರು ಸಹಿ ಮಾಡುವ ಮೊದಲು, "ಮದವಿ ಕಾರ್ಡ್ ಆಗೇತಿ ನೋಡ್ರಿ" ಅಂದರು.

ಜೀಪು ಬಂದದ್ದು ಒಂದು ಸಂತೆಯ ದಿನವೇ. ಇಬ್ಬರು ಅಧಿಕಾರಿಗಳು, ಜೊತೆಗೊಬ್ಬ ಸಿಪಾಯಿ. ಕಚೇರಿಯ ಮಗ್ಗುಲ ಓಣಿಯಾದ್ದರಿಂದ ನಾನೂ ನೋಡಲು ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ಹೊಳೆಮಣ್ಣೂರಿನ ಶಾಂತವ್ವ ಕುಳಿತಿದ್ದಳು. ಬಿದ್ದು ಭುಜ ಹಿಡಿದು ರೊಟ್ಟಿ ಬಡಿಯಲಾರದೆ, ಸೊಸೆಯ ಕೈಯ ರೊಟ್ಟಿ ತಿನ್ನಬೇಕಾಯಿತೆಂಬ ಸಂಕಟಕ್ಕೇ ಅರ್ಧ ಸೊರಗಿದ್ದ ಮುದುಕಿ. ಭುಜದ ತುಂಬ ಸೂಜಿ.

ಹಿರಿಯ ಅಧಿಕಾರಿ ಫಾರ್ಮು ನೋಡಿ ಕೇಳಿದರು. "ಯುನಾನಿ ಹಕೀಮರು ನೀವೇನ್ರಿ?"

"ಅಲ್ರಿ ಸಾಹೇಬರ. ನಾ ಗಾದಿ ಹೊಲಿಯಾಂವ. ಸೂಜಿ ಹಾಕ್ತೇನಿ."

"ಮತ್ತ ಇದರಾಗ ಯುನಾನಿ ಅಂತ ಬರದೀರಿ. ಈ ನಂಬರ್ ಯುನಾನಿ ಬೋರ್ಡಿನಾಗ ಇಲ್ಲ. ಯಾರ ತುಂಬಿದ್ದು ಇದನ್ನ?"

ಮಾಬುಸಾಬರು ಒಮ್ಮೆ ನನ್ನ ಕಡೆ ನೋಡಿದರು. ಬೇಡುವ ನೋಟವಲ್ಲ, ಆರೋಪವೂ ಅಲ್ಲ. ನೀವೇ ಹೇಳುತ್ತೀರೇನು ಎಂದು ದಾರಿ ಬಿಡುವ ನೋಟ. ನನಗೆ ನನ್ನ ಲೈಸೆನ್ಸು ನೆನಪಾಯಿತು. ಸುಳ್ಳು ಬರೆಯುವವನೆಂದು ಕಚೇರಿಯಲ್ಲಿ ಹೆಸರಾದರೆ ಬೇವಿನ ಗಿಡದ ನೆರಳೂ ಹೋಗುತ್ತದೆಂದು ನೆನಪಾಯಿತು. ನಾನು ಕಣ್ಣನ್ನು ಹೊಸ್ತಿಲಿಗೆ ಇಳಿಸಿದೆ. ಅವರು ಎಷ್ಟು ಹೊತ್ತು ಕಾಯಬೇಕೋ ಅಷ್ಟು ಕಾದು, ಮುಖ ತಿರುಗಿಸಿದರು.

"ಸಹಿ ನಂದ ಐತ್ರಿ" ಅಂದರು.

ಅಧಿಕಾರಿ ಒರಟರಲ್ಲ. ತಪ್ಪೊಪ್ಪಿಗೆ ಬರೆದುಕೊಟ್ಟು ಬಾಗಿಲು ಮುಚ್ಚಿದರೆ ಕೇಸು ಮಾಡುವುದಿಲ್ಲ ಎಂದರು. ಸಿಪಾಯಿ ನನ್ನತ್ತ ಬೆರಳು ಮಾಡಿದ. "ರೈಟರ್ ಇಲ್ಲೇ ಅದಾನಲ್ರಿ. ಅಕ್ಷರ ಚಲೋ ಅದಾವ ಅಂವನ್ವು."

ಬರೆದೆ. 'ನಾನು ತಪ್ಪು ಮಾಹಿತಿ ಕೊಟ್ಟು ಸರಕಾರಕ್ಕೆ ಮೋಸ ಮಾಡಿದ್ದೇನೆ' ಎಂದು, ಮಾಬುಸಾಬರ ಹೆಸರಿನಲ್ಲಿ, ನನ್ನ ಅಕ್ಷರದಲ್ಲಿ. ಅವರು ಸಹಿಗೆ ಬರುವ ಮೊದಲು, "ಸ್ವಲ್ಪ ತಡೀರಿ ಸಾಹೇಬರ, ಹನ್ನೊಂದು ಹಾಕೇನಿ, ಹನ್ನೊಂದು ತಗೀತೇನಿ" ಎಂದು ಶಾಂತವ್ವನ ಮುಂದೆ ಕುಳಿತರು. ಆಕೆ ಅಳುತ್ತ ಎಣಿಸಿದಳು. ಏಳಕ್ಕೆ ಲೆಕ್ಕ ತಪ್ಪಿತು. ತೆಗೆದಿಟ್ಟ ಸೂಜಿಗಳನ್ನು ಇಬ್ಬರೂ ಮತ್ತೆ ಒಂದರಿಂದ ಎಣಿಸಿದರು. ಅಧಿಕಾರಿಗಳೂ ನಿಂತುಕೊಂಡೇ ಕಾದರು. ಆಮೇಲೆ ಸಹಿ ಬಿತ್ತು, ಬೀಗ ಬಿತ್ತು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಅಂವನ ಸೂಜಿ ನನಗ ಒಮ್ಮೀನೂ ನೋಯಲಿಲ್ಲ" ಅಂದಳು. ಎರಡು ದಿನ ನನಗೆ ಊಟಕ್ಕೆ ಬಾ ಅನ್ನಲಿಲ್ಲ. ತಾಟು ಹಾಕಿಟ್ಟು ಹೊರಗೆ ಹೋಗಿ ಕುಳಿತಳು.

ಸಂಕಟ ಇಲ್ಲಿಗೇ ಮುಗಿದಿದ್ದರೆ ವಿಧಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಎರಡು ತಿಂಗಳಾದ ಮೇಲೆ ನರಗುಂದದ ಕಡೆಯ ಒಬ್ಬ ಸೂಜಿಯವ ಯಾವುದೋ ಪಹಣಿಯ ಕೆಲಸಕ್ಕೆ ನನ್ನ ಹತ್ತಿರ ಬಂದ. ಮಾತಿಗೆ ಮಾತು ಬಂದು, ನಿನ್ನದೇನಾಯಿತು ಎಂದು ಕೇಳಿದೆ. ಅವನು ಫಾರ್ಮನ್ನು ತಾನೇ ತುಂಬಿದ್ದ. ಚೌಕಗಳನ್ನೆಲ್ಲ ಬಿಟ್ಟು ಬದಿಯಲ್ಲಿ ಸೂಜಿ ಎಂದು ಬರೆದಿದ್ದ. "ತಿರಗಿ ಬಂತ್ರಿ" ಎಂದು ಚೀಲದಿಂದ ಕಾಗದ ತೆಗೆದು ತೋರಿಸಿದ. ಸೂಜಿ ಚಿಕಿತ್ಸೆಗೆ ರಾಜ್ಯದಲ್ಲಿ ಪ್ರತ್ಯೇಕ ಕಾಯಿದೆ ಇಲ್ಲದ ಕಾರಣ ಅರ್ಜಿಯನ್ನು ಹಿಂದಿರುಗಿಸಲಾಗಿದೆ ಎಂದಿತ್ತು. ಅವನ ಬಾಗಿಲಿಗೆ ಯಾವ ಜೀಪೂ ಹೋಗಿರಲಿಲ್ಲ. ಆವತ್ತಿಗೂ ಸೂಜಿ ಹಾಕುತ್ತಿದ್ದ.

ಮರುದಿನವೇ ಗಜೇಂದ್ರಗಡದ ಬಸ್ಸು ಹತ್ತಿದೆ. ಮಾಬುಸಾಬರು ಅಂಗಳದಲ್ಲಿ ಗಾದಿಗೆ ಟಾಕು ಹಾಕುತ್ತಿದ್ದರು. ಮೈಯೆಲ್ಲ ಹತ್ತಿ. ನಾನು ನಿಂತಲ್ಲೇ ಎಲ್ಲ ಹೇಳಿ, ತಪ್ಪು ನನ್ನದೆಂದು ಬರೆದು ಮೇಲಿನವರಿಗೆ ಅರ್ಜಿ ಹಾಕೋಣ ಎಂದೆ. ದಬ್ಬಣವನ್ನು ಗಾದಿಯ ಅಂಚಿಗೆ ಚುಚ್ಚಿಟ್ಟು ನನ್ನನ್ನು ನೋಡಿದರು.

"ಬ್ಯಾಡ್ರಿ ರೈಟರ್ರ. ಈ ಸಲ ಯಾವ ಖಾನೇದಾಗ ಕುಂದ್ರಸ್ತೀರಿ ನನ್ನ?"

ಸಿಟ್ಟಿನಿಂದ ಅಂದಿದ್ದರೆ ಸಹಿಸುತ್ತಿದ್ದೆ. ನಗುತ್ತ ಅಂದರು. ಆಮೇಲೆ ಮನೆಯವರಿಗೆ ಚಹಾ ಮಾಡಲು ಹೇಳಿ, ಅವ್ವನ ಮೊಣಕಾಲು ಹೇಗಿದೆಯೆಂದು ಕೇಳಿದರು. "ಮೋಸಾ ಮಾಡೇನಿ ಅಂತ ಸಹಿ ಮಾಡಿದ ಕೈ ಇದು. ಇದರಾಗ ಸೂಜಿ ಹಿಡದು ಮಂದಿ ಮೈ ಮುಟ್ಟೂದು ನನಗ ಹಿಡಸೂದಿಲ್ಲ" ಎಂದರು.

ಶಾಂತವ್ವ ಮಾತ್ರ ಮುಂದಿನ ಎಷ್ಟೋ ಸಂತೆಗಳಿಗೆ ಬಂದಳು. ಬೀಗ ನೋಡಿ ನನ್ನ ಗಿಡದ ಕೆಳಗೆ ಬಂದು ಕೂಡುತ್ತಿದ್ದಳು. ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ತೋರಿಸಿ, "ಅರ್ಧಾ ಕೈ ಎದ್ದೈತಿ ರೈಟರಾ. ಉಳದರ್ಧಾ ಯಾರ ಕಡೆ ಎಬ್ಬಿಸಿಗೊಳ್ಳಲಿ?" ಎಂದು ಕೇಳುತ್ತಿದ್ದಳು. ನಾನು ಬರೆಯುತ್ತಿದ್ದ ಕಾಗದದ ಮೇಲೆ ಇನ್ನಷ್ಟು ಬಾಗುತ್ತಿದ್ದೆ. ಮಾಬುಸಾಬರು ತೀರಿಹೋಗಿ ಈಗ ಬಹಳ ವರ್ಷವಾಯಿತು. ಅವ್ವನೂ ಇಲ್ಲ. ಅಧಿಕಾರಿಗಳ ಮುಂದೆ ಹೇಳಬೇಕಾಗಿದ್ದ ಆ ಒಂದು ವಾಕ್ಯವನ್ನು ನಾನು ಯಾವ ಅಧಿಕಾರಿಗೂ ಹೇಳಲಿಲ್ಲ.

ಗದಗಿನ ಆ ಮೇಜಿನ ಮುಂದೆ ಇಷ್ಟೆಲ್ಲ ನೆನಪಾಗುವಷ್ಟು ಹೊತ್ತು ಪೆನ್ನು ಹಿಡಿದು ನಿಂತಿದ್ದೆನೆಂದು ಕಾಣುತ್ತದೆ.

"ಗೊತ್ತಿಲ್ಲಂದ್ರ ಇಲ್ಲ ಅಂತ ಬರೀರಿ ಕಾಕಾ, ನಡೀತೈತಿ" ಅಂದಳು ಹುಡುಗಿ.

ನಡೆಯುತ್ತದೆ ಎಂಬ ಮಾತನ್ನು ನಾನೂ ಒಬ್ಬರಿಗೆ ಹೇಳಿದ್ದೆ. ಎತ್ತಲಾರದ ಕೈಯಿಂದ ಬರೆಯತೊಡಗಿದೆ. 'ಗಜೇಂದ್ರಗಡದ ಮಾಬುಸಾಬರಿಂದ. ಅವರು ಹಕೀಮರಲ್ಲ, ಗಾದಿ ಹೊಲಿಯುವವರು. ಸೂಜಿ ಹಾಕುತ್ತಿದ್ದರು. ಯುನಾನಿ ಎಂದು ಬರೆದವನು ನಾನು.' ಅಕ್ಷರಗಳು ಸೊಟ್ಟಗಾದವು. ಖಾನೆ ತುಂಬಿ, ಗೆರೆ ದಾಟಿ, ಕಾಗದದ ಬಾಜೂಕ ಹೋದವು.

ಹುಡುಗಿ ಕಾಗದ ತಿರುಗಿಸಿ ನೋಡಿದಳು. "ಕಾಲಂ ಬಿಟ್ಟು ಹೊರಗ ಬರದೀರಲ್ರಿ."

"ಹೌದವ್ವಾ" ಅಂದೆ. "ಅದು ಒಳಗ ಹಿಡಸೂದಿಲ್ಲ."

ಒಳಗೆ ಕರೆದರು. ಡಾಕ್ಟರಮ್ಮ ಮಾತಾಡುತ್ತ ಮಾತಾಡುತ್ತ ಭುಜಕ್ಕೆ ಸೂಜಿ ಹಾಕಿದರು, ಎಣಿಸಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು, ತುಟಿಯೊಳಗೇ ಎಣಿಸಿದೆ. ಏಕ್, ದೋ, ತೀನ್.