ಡೇವಿಡ್ ಅವರ ಅಮ್ಮನ ದಿನ

ಚೆಂಡಿನ ಬಣ್ಣ ಕೆಂಪು ಎಂದು ಡೇವಿಡ್ ತಾವಾಗಿಯೇ ಹೇಳಿದರೋ, ನಾನೇ ಅವರ ಬಾಯಿಂದ ಹೇಳಿಸಿದೆನೋ, ಇವತ್ತಿಗೂ ನನಗೆ ಖಚಿತವಿಲ್ಲ.

ಅದು ೨೦೨೧ರ ಫೆಬ್ರವರಿ. ಐರ್ಲೆಂಡಿನಲ್ಲಿ ಮತ್ತೆ ಲಾಕ್‌ಡೌನ್. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಡಬ್ಲಿನ್‌ನಿಂದ ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರದ ಮೇನೂತ್‌ನಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಎಪ್ಪತ್ತೈದರ ಡೇವಿಡ್ ಒಬ್ಬರೇ ಇದ್ದರು. ಹುಟ್ಟಿನಿಂದ ಯಹೂದಿ. ಕ್ಯಾಥೊಲಿಕ್ ಹುಡುಗಿಯನ್ನು ಮದುವೆಯಾದ ಮೇಲೆ ಐವತ್ತು ವರ್ಷ ತಮ್ಮವರ ಪ್ರಾರ್ಥನಾ ಮಂದಿರದ ಕಡೆ ತಲೆ ಹಾಕಿರಲಿಲ್ಲ. ಹೆಂಡತಿ ತೀರಿಕೊಂಡ ನಂತರ ಡಬ್ಲಿನ್‌ನ ಮಂದಿರಕ್ಕೆ ಹೋಗತೊಡಗಿದ್ದರು. ಅಷ್ಟರಲ್ಲಿ ಕೋವಿಡ್ ಬಂದು ಅದರ ಬಾಗಿಲು ಮುಚ್ಚಿತು.

ಒಂದು ಮಧ್ಯಾಹ್ನ ಹಿತ್ತಲ ಗೋಡೆಯಾಚೆಯಿಂದ ಕರೆದರು. "ಪ್ರೊಫೆಸರ್, ನಿಮ್ಮ ಲ್ಯಾಪ್‌ಟಾಪ್ ತನ್ನಿ." ನಾನಿನ್ನೂ ಸಂಶೋಧನಾ ವಿದ್ಯಾರ್ಥಿ, ಹಾಗೆ ಕರೆಯುವುದು ಅವರ ಕೀಟಲೆ.

ಅವರಿಗೆ ಏಳು ವರ್ಷವಿದ್ದಾಗ ಅಮ್ಮ ತೀರಿಕೊಂಡಿದ್ದರು. ಪ್ರತಿವರ್ಷ ಆ ದಿನ, ಇಡೀ ದಿನ ಉರಿಯುವ ಮೇಣದ ಬತ್ತಿ ಹಚ್ಚಬೇಕು, ಅದೂ ಯಹೂದಿ ಪಂಚಾಂಗದ ಪ್ರಕಾರ. ನಮ್ಮ ತಿಥಿಯಂತೆಯೇ. ಅವರು ಹಚ್ಚುತ್ತಿರುವುದು ಇದೇ ಮೊದಲು. ಇಂಗ್ಲಿಷ್ ತಾರೀಖು ಹಾಕಿದರೆ ವೆಬ್‌ಸೈಟ್ ಒಂದು ಪ್ರಶ್ನೆ ಕೇಳಿತು: ಸಾವು ಸೂರ್ಯಾಸ್ತಕ್ಕೆ ಮುಂಚೆಯೋ, ನಂತರವೋ? ಯಹೂದಿಗಳಿಗೆ ದಿನ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ. ಮುಂಚೆಯಾದರೆ ಅದಾರ್ ತಿಂಗಳ ಐದು, ನಂತರವಾದರೆ ಆರು.

"ಗೋರಿ ಕಲ್ಲಿನ ಮೇಲೆ ಕೆತ್ತಿರುತ್ತೆ. ಆದ್ರೆ ಅದು ಡಬ್ಲಿನ್‌ನಲ್ಲಿದೆ, ನೋಡಿ ನಲವತ್ತು ವರ್ಷ ಆಯ್ತು" ಎಂದರು.

"ಎರಡೂ ದಿನ ಹಚ್ಚಿಬಿಡಿ."

"ಇರೋದು ಒಂದೇ ಬತ್ತಿ. ಈಗಾಗ್ಲೇ ಐವತ್ತು ವರ್ಷ ತಡ ಮಾಡಿದ್ದೀನಿ. ದಿನಾನಾದ್ರೂ ಸರಿಯಾಗಿರಲಿ."

ಅಡುಗೆಮನೆ ಕಿಟಕಿಯಿಂದ ನನ್ನ ಹೆಂಡತಿ ಸುಧಾ ಕನ್ನಡದಲ್ಲಿ ಚುಚ್ಚಿದಳು: "ನಿಮ್ಮಪ್ಪನ ತಿಥಿ ಯಾವತ್ತು ಅಂದ್ರೆ ತಲೆ ಕೆರ್ಕೋತೀರಾ, ಅವರಮ್ಮಂದು ಹುಡುಕೋಕೆ ಹೊರಟ್ರಾ!"

ನಾನು ನಂಬಿಕೆಯಿಲ್ಲವೆಂದು ಅಪ್ಪನ ಶ್ರಾದ್ಧ ಬಿಟ್ಟು ಆರು ವರ್ಷವಾಗಿತ್ತು.

"ಅಮ್ಮ ಹೋದಾಗ ಎಲ್ಲಿದ್ರಿ?" ಎಂದು ಡೇವಿಡ್ ಅವರನ್ನು ಕೇಳಿದೆ.

"ಓಣಿಯಲ್ಲಿ ಗೋಡೆಗೆ ಚೆಂಡು ಹೊಡೀತಿದ್ದೆ. ಅಪ್ಪ ಬಂದು ಒಳಗೆ ಕರ್ಕೊಂಡು ಹೋದ್ರು. ಅಮ್ಮ ಆಗಷ್ಟೇ ಹೋಗಿದ್ಳು. ಕತ್ತಲಿತ್ತು ಅನ್ಸುತ್ತೆ."

"ಚೆಂಡು ಕಾಣ್ತಿತ್ತಾ? ಯಾವ ಬಣ್ಣ? ಕೆಂಪಾ?"

ಹೀಗೇ ಕೇಳಿದೆನೇ? ಇರಬಹುದು. ಅವರು ನಮ್ಮ ನಡುವಿನ ಗೋಡೆಯ ಮೇಲೆ ಕೈಯಾಡಿಸಿದರು. "ಕೆಂಪು. ಅದರ ಮೇಲೆ ಬಿಸಿಲಿತ್ತು" ಎಂದರು. ಕಣ್ಣು ಒದ್ದೆಯಾಗಿತ್ತು. "ಹಾಗಾದ್ರೆ ಐದು. ಗ್ರ್ಯಾಂಡ್." ಎಲ್ಲ ಸರಿಹೋಯಿತು ಎನ್ನುವುದಕ್ಕೆ ಐರಿಶರ ಮಾತು ಅದು.

ಐದನೆಯ ದಿನ ಶುರುವಾಗುವ ಸಂಜೆ ಅವರ ಕಿಟಕಿಯಲ್ಲಿ ಗಾಜಿನ ಲೋಟದೊಳಗಿನ ಬತ್ತಿ ಹೊತ್ತಿಕೊಂಡಿತು. ಮರುದಿನ ಬೆಳಿಗ್ಗೆ ನಾನು ಕಾಫಿ ಮಾಡುವಾಗಲೂ ಉರಿಯುತ್ತಿತ್ತು. ಆ ನೆನಪನ್ನು ನಾನೇ ಅವರ ತಲೆಯಲ್ಲಿ ನೆಟ್ಟಿದ್ದರೆ ಎಂದು ಯೋಚಿಸುತ್ತಿರುವಷ್ಟರಲ್ಲಿ ಕಾಫಿ ತಣ್ಣಗಾಯಿತು. ಅಕ್ಕನಿಗೆ ಫೋನ್ ಮಾಡಿ ಅಪ್ಪನ ತಿಥಿ ಕೇಳಿ ಬರೆದಿಟ್ಟುಕೊಂಡೆ. ನಂಬಿಕೆ ಬಂದು ಅಲ್ಲ; ಮಗನಾದವನಿಗೆ ಗೊತ್ತಿರಬೇಕು ಅನಿಸಿತು.

ಮೇ ತಿಂಗಳಲ್ಲಿ ನಿರ್ಬಂಧ ಸಡಿಲವಾದಾಗ, ಕಾರಿನ ಕಿಟಕಿ ಇಳಿಸಿ, ಮಾಸ್ಕ್ ಹಾಕಿಕೊಂಡು ಇಬ್ಬರೂ ಡಬ್ಲಿನ್‌ನ ಸ್ಮಶಾನಕ್ಕೆ ಹೋದೆವು. ಡೇವಿಡ್ ಪಾಚಿ ಒರೆಸಿ, ಬೆರಳಿಟ್ಟು ಓದಿ, ಹೌದೆಂಬಂತೆ ತಲೆಯಾಡಿಸಿದರು. ಅಷ್ಟಕ್ಕೆ ನನಗೆ ಸಮಾಧಾನವಾಗಲಿಲ್ಲ. ಫೋಟೊ ತೆಗೆದುಕೊಂಡು ಮನೆಗೆ ಬಂದು, ಹೀಬ್ರೂ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡಿದೆ. ಕಲ್ಲಿನ ಮೇಲಿದ್ದದ್ದು ಅದಾರ್ ಐದು.